ಓದಲಾರದ ಜಾಣ ಮಗು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಅಶೋಕನ ಶಾಸನವೊಂದಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಆ ಬರಹ ನಮಗೆ ಪುರಾತನವಾಗಿ ತೋರುತ್ತದೆ. ಆದರೆ ಮಾನವನ ಮಾತಿನ ವಯಸ್ಸಿನೊಡನೆ ಹೋಲಿಸಿದರೆ ಬರಹವೆಂಬ ವಿದ್ಯೆಯೇ ತೀರ ಈಚಿನದು. ಮಾತನ್ನು ಮಗು ಕೇಳುತ್ತ ತಾನಾಗಿಯೇ ಕಲಿಯುತ್ತದೆ, ಓದನ್ನು ಕಲಿಸಬೇಕಾಗುತ್ತದೆ. ಕಲಿಸಿದರೂ ಬುದ್ಧಿವಂತರಾದ ಕೆಲವು ಮಕ್ಕಳಿಗೆ ಅದು ಸುಲಭವಾಗಿ ಹತ್ತುವುದಿಲ್ಲ. ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು.

1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಇಂತಹ ಹುಡುಗನೊಬ್ಬನನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಬರೆದರು. ಹದಿನಾಲ್ಕು ವರ್ಷದ ಪರ್ಸಿ ಚುರುಕು ಬುದ್ಧಿಯವನು, ಆಟದಲ್ಲಿ ಯಾರಿಗೂ ಕಡಮೆಯಲ್ಲ, ಕಣ್ಣೂ ಚೆನ್ನಾಗಿತ್ತು. ಏಳು ವರ್ಷ ಪಾಠ ಹೇಳಿಸಿಕೊಂಡ ಮೇಲೂ ಅವನು ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆದ; ಎತ್ತಿ ತೋರಿಸುವವರೆಗೆ ಆ ತಪ್ಪು ಅವನಿಗೆ ಕಾಣಲಿಲ್ಲ.

ಈಗ ಸಿದ್ದಾಪುರದ ಕಡೆಯ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಮೂರನೆಯ ತರಗತಿ. ಕೇಳಿದ ಕಥೆಯನ್ನು ಸೊಗಸಾಗಿ ಹೇಳುತ್ತಾನೆ. ಪುಸ್ತಕ ಹಿಡಿದರೆ ಕಾಗುಣಿತ ತಪ್ಪುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ. 'ದಡ್ಡ'ನೆಂಬ ಹೆಸರು ಬಂದಿದೆ. ಶಾಲೆಯ ದಿನ ಬೆಳಗಾದರೆ ಹೊಟ್ಟೆನೋವು. ರಜೆಯ ದಿನ ನೋವಿಲ್ಲ. ತಾಯಿ ಅವನನ್ನು ಮಕ್ಕಳ ವೈದ್ಯರ ಬಳಿಗೆ ಕರೆತರುತ್ತಾಳೆ.

ಹೊಟ್ಟೆಗೆ ಔಷಧ ಬರೆದುಕೊಡುವುದು ಸುಲಭ. ವಿವೇಕಿಯಾದ ವೈದ್ಯರು ಇನ್ನೊಂದು ಪ್ರಶ್ನೆಯನ್ನು ಕೇಳುತ್ತಾರೆ: "ಓದುವುದು ಹೇಗಿದೆಯಪ್ಪಾ?" ಮಾತು ತಡವಾಗಿ ಬಂದಿತೇ, ಮನೆಯಲ್ಲಿ ಮತ್ತೆ ಯಾರಿಗಾದರೂ ಇದೇ ಕಷ್ಟವಿತ್ತೇ ಎಂದು ವಿಚಾರಿಸುತ್ತಾರೆ, ಏಕೆಂದರೆ ಈ ತೊಡಕು ವಂಶದಲ್ಲಿ ಹರಿದುಬರುವುದುಂಟು. ಕಿವಿ, ಕಣ್ಣು, ರಕ್ತಹೀನತೆಗಳನ್ನು ಪರೀಕ್ಷಿಸುತ್ತಾರೆ. ಮನೆಮಾತನ್ನೂ ಕೇಳಬೇಕು. ಆಂಧ್ರದ ಗಡಿಗೆ ತಾಗಿದ ಈ ಸೀಮೆಯಲ್ಲಿ ತೆಲುಗು ಮನೆಮಾತಿನ ಮಕ್ಕಳೂ ಕನ್ನಡ ಶಾಲೆಗೆ ಬರುತ್ತಾರೆ. ಹೊಸ ಭಾಷೆಯ ಕಷ್ಟವನ್ನು ಡಿಸ್ಲೆಕ್ಸಿಯಾ ಎಂದು ಎಣಿಸಬಾರದು.

ಡಿಸ್ಲೆಕ್ಸಿಯಾ ದೃಷ್ಟಿದೋಷವಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಗಳೊಡನೆ ಬೆಸೆಯುವ ಮಿದುಳಿನ ಕಾರ್ಯ ಸರಾಗವಾಗಿ ನಡೆಯದಿರುವುದು ಅದರ ಮುಖ್ಯ ಲಕ್ಷಣ. ಕನ್ನಡದಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆಯಿದ್ದರೂ, ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಆದುದರಿಂದ ಇಂತಹ ಮಗುವಿನ ಓದು ಬಹಳ ನಿಧಾನ.

ವೈದ್ಯರೊಬ್ಬರೇ ಇದನ್ನು ನಿರ್ಣಯಿಸಲಾರರು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಕಲಿಕೆಯ ಈ ನ್ಯೂನತೆಯನ್ನೂ ತನ್ನ ಪಟ್ಟಿಗೆ ಸೇರಿಸಿತು. 2018ರ ಕೇಂದ್ರ ಮಾರ್ಗಸೂಚಿಯು ಉಪಾಧ್ಯಾಯರು, ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು ಈ ಮೂವರಿಗೂ ಪಾಲನ್ನು ಗೊತ್ತುಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾಮಾಲೆಯೂ, ಕನ್ನಡ ಮಕ್ಕಳಿಗೂ ಅನ್ವಯಿಸುವ 'ಡಾಲಿ' ಎಂಬ ಪರೀಕ್ಷೆಯೂ ಇವೆ.

ಇದಕ್ಕೆ ಮಾತ್ರೆಯಿಲ್ಲ, ಬಣ್ಣದ ಕನ್ನಡಕದಿಂದಲೂ ಫಲವಿಲ್ಲ. ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ, ನಿಧಾನವಾಗಿ, ಮತ್ತೆ ಮತ್ತೆ ಕಲಿಸುವುದೇ ಚಿಕಿತ್ಸೆ. ಬೇಗ ಆರಂಭಿಸಿದಷ್ಟೂ ಲಾಭ ಹೆಚ್ಚು. ತಡವಾದರೆ ಹುಡುಗ ಶಾಲೆಯನ್ನೇ ಬಿಟ್ಟಾನು. "ನಿಮ್ಮ ಮಗ ದಡ್ಡನಲ್ಲಮ್ಮ, ಸೋಮಾರಿಯೂ ಅಲ್ಲ" ಎಂದು ತಾಯಿಗೆ ತಿಳಿಸಿ, ಉಪಾಧ್ಯಾಯರಿಗೊಂದು ಕಾಗದ ಬರೆದುಕೊಟ್ಟು, ಕೆಲವು ತಿಂಗಳ ಬಳಿಕ ಮಗುವನ್ನು ಮತ್ತೆ ಕರೆಸಿ ನೋಡುವುದು ವೈದ್ಯರಿಂದ ಆಗಬೇಕಾದ ಕೆಲಸ.