ಗಂಡು ಮಗುವಿಗೆ ಹಳೆಯ, ಆದರೆ ಅಪರೂಪದ ಹೆಸರು: ಹುಡುಕುವುದೆಲ್ಲಿ, ಅರ್ಥ ಪರೀಕ್ಷಿಸುವುದು ಹೇಗೆ?

ಗಂಡು ಮಗು ಹುಟ್ಟಿದ ಸುದ್ದಿ ತಲುಪಿದ ದಿನವೇ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹೆಸರುಗಳ ಪಟ್ಟಿ ಬರಲು ಶುರುವಾಗುತ್ತದೆ. 'ಅಪರೂಪದ ಸಂಸ್ಕೃತ ಹೆಸರುಗಳು', 'ಯಾರೂ ಇಟ್ಟಿರದ 100 ಹೆಸರುಗಳು' ಎಂಬ ತಲೆಬರಹ, ಪ್ರತಿ ಹೆಸರಿನ ಮುಂದೆ ಒಂದು ಚೆಂದದ ಅರ್ಥ. ಅಜ್ಜ ಅಜ್ಜಿಗೆ ಸಂಪ್ರದಾಯದ ಹೆಸರು ಬೇಕು. ಅಪ್ಪ ಅಮ್ಮನಿಗೆ ಮುಂದೆ ಶಾಲೆಯಲ್ಲಿ ಕೂಗಿದರೆ ನಾಲ್ಕು ಮಕ್ಕಳು ಒಟ್ಟಿಗೆ ತಿರುಗಿ ನೋಡದಂಥ ಹೆಸರು ಬೇಕು.

ಎರಡೂ ಕೂಡಿ ಬರುವ ಹೆಸರುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಆದರೆ ಅವು ಈ ಪಟ್ಟಿಗಳಲ್ಲಿ ಸಿಗುವುದು ಕಡಿಮೆ. ಹೆಸರುಗಳು ಹೇಗೆ ಹರಡುತ್ತವೆ, ಅಂತರ್ಜಾಲದ ಅರ್ಥಗಳನ್ನು ಎಷ್ಟು ನಂಬಬಹುದು, ಹಳೆಯ ಹೆಸರುಗಳನ್ನು ಎಲ್ಲಿ ಹುಡುಕಬೇಕು, ಹೆಸರಿಗೆ ಅದೃಷ್ಟ ತರುವ ಶಕ್ತಿ ಇದೆಯೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

'ಅಪರೂಪ' ಎಂದು ಇಟ್ಟ ಹೆಸರು ಎಲ್ಲರ ಮನೆಯಲ್ಲೂ ಏಕಿರುತ್ತದೆ?

ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹೆಸರುಗಳು 'ಅಪ್ಪ', 'ಅಯ್ಯ', 'ಅಣ್ಣ' ಎಂದು ಮುಗಿಯುತ್ತಿದ್ದವು: ಬಸಪ್ಪ, ರಾಮಯ್ಯ, ತಿಮ್ಮಣ್ಣ. ಆಮೇಲಿನ ತಲೆಮಾರಿನಲ್ಲಿ ಸುರೇಶ, ರಮೇಶ, ಮಹೇಶ, ಗಿರೀಶರು ಬಂದರು. ಈಗ 'ಆ' ಎಂದು ಶುರುವಾಗಿ 'ಆನ್', 'ಅವ್', 'ಅಂಶ್' ಎಂದು ಮುಗಿಯುವ ಹೆಸರುಗಳ ಸರದಿ. ಪ್ರತಿ ತಲೆಮಾರಿನಲ್ಲೂ ಪೋಷಕರು ತಮಗಿಷ್ಟವಾದ ಹೆಸರನ್ನೇ ಆರಿಸಿಕೊಂಡರು. ಆದರೂ ಎಲ್ಲರ ಆಯ್ಕೆ ಹೆಚ್ಚುಕಡಿಮೆ ಒಂದೇ ದನಿಯದ್ದಾಯಿತು.

ಇದಕ್ಕೆ ಕಾರಣ ನಮ್ಮ ಕಿವಿ. ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಮಕ್ಕಳ ಹೆಸರುಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಇತ್ತೀಚೆಗೆ ಹೆಚ್ಚು ಕೇಳಿಬಂದ ಧ್ವನಿಗಳಿರುವ ಹೆಸರುಗಳೇ ಮುಂದೆ ಜನಪ್ರಿಯವಾಗುತ್ತವೆ ಎಂದು ತೋರಿಸಿತು. ದೊಡ್ಡ ಚಂಡಮಾರುತವೊಂದರ ಹೆಸರು ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿಬಂದ ಮೇಲೆ, ಅದೇ ಧ್ವನಿಯಿಂದ ಶುರುವಾಗುವ ಹೆಸರುಗಳೂ ಹೆಚ್ಚಿದ್ದವು. ಯಾರೂ ಮಗುವಿಗೆ ಚಂಡಮಾರುತದ ಹೆಸರಿಡಬೇಕೆಂದು ಬಯಸಿರಲಿಲ್ಲ. ಆ ಧ್ವನಿ ಕಿವಿಗೆ ಪರಿಚಿತವಾಗಿ, ಹಿತವೆನಿಸಿತ್ತು ಅಷ್ಟೆ.

ಹೀಗಾಗಿ 'ಆರವ್' ಬೇಡವೆಂದು 'ಆರುಷ್' ಇಟ್ಟರೆ ಹೆಸರು ಬೇರೆಯಾಗುತ್ತದೆ, ಗುಂಪು ಅದೇ ಉಳಿಯುತ್ತದೆ. ನಿಜಕ್ಕೂ ಅಪರೂಪದ ಹೆಸರು ಬೇಕಿದ್ದರೆ ಈಗ ಓಡುತ್ತಿರುವ ಧ್ವನಿಯಿಂದಲೇ ಹೊರಗೆ ಬರಬೇಕು.

ಪಟ್ಟಿಯಲ್ಲಿರುವ ಅರ್ಥಗಳನ್ನು ನಂಬಬಹುದೇ?

ನಿಘಂಟು ನೋಡದೆ ನಂಬಬೇಡಿ. 'ಆರವ್' ಎಂದರೆ 'ಶಾಂತ ಸ್ವಭಾವದವನು' ಎಂದು ಹಲವು ಪಟ್ಟಿಗಳಲ್ಲಿದೆ. ಸಂಸ್ಕೃತದಲ್ಲಿ 'ರವ' ಎಂದರೆ ಶಬ್ದ. ಕಲರವ ಎಂಬಲ್ಲಿ ಇರುವುದೂ ಅದೇ ಪದ. 'ಆರವ' ಎಂದರೆ ಕೂಗು, ಸದ್ದು. ಅಂದರೆ ಪಟ್ಟಿ ಹೇಳುವುದಕ್ಕೆ ಪೂರ್ತಿ ವಿರುದ್ಧ.

'ರೇಯಾಂಶ್' ಎಂದರೆ 'ಬೆಳಕಿನ ಕಿರಣದ ಅಂಶ' ಎನ್ನುತ್ತಾರೆ. 'ಅಂಶ' ಸಂಸ್ಕೃತ ಪದವೇ. ಆದರೆ ಕಿರಣಕ್ಕೆ ಸಂಸ್ಕೃತದಲ್ಲಿ ರಶ್ಮಿ, ಅಂಶು, ಮಯೂಖ ಮುಂತಾದ ಪದಗಳಿವೆಯೇ ಹೊರತು 'ರೇಯ' ಎಂಬುದು ಆ ಅರ್ಥದಲ್ಲಿ ಬಳಕೆಯಲ್ಲಿಲ್ಲ. 'ವಿಹಾನ್' ಎಂದರೆ ಮುಂಜಾವು ಎಂಬುದು ಸರಿ. ಆದರೆ ಅದು ಹಿಂದಿ ಪ್ರದೇಶದ ಆಡುಮಾತಿನ ಪದ.

ಇಂಥ ಹೆಸರು ಇಡಲೇಬಾರದು ಎಂದು ನಾವು ಹೇಳುತ್ತಿಲ್ಲ. ದನಿ ಇಷ್ಟವಾಗಿ ಇಟ್ಟರೆ ಅದು ನಿಮ್ಮ ಆಯ್ಕೆ. ಆದರೆ ಅರ್ಥಕ್ಕಾಗಿ ಇಡುವುದಾದರೆ ಮೊದಲು ನಿಘಂಟು ತೆರೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ 'ಕನ್ನಡ ನಿಘಂಟು', 1894ರಲ್ಲಿ ಬಂದ ಕಿಟೆಲ್ ನಿಘಂಟು, ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್ ನಿಘಂಟು ಅಂತರ್ಜಾಲದಲ್ಲೇ ಸಿಗುತ್ತವೆ. ಐದು ನಿಮಿಷದ ಕೆಲಸ.

ಕನ್ನಡದ ಹಳೆಯ ಹೆಸರುಗಳು ಎಲ್ಲಿವೆ?

ಮೊದಲನೆಯ ಜಾಗ ಶಾಸನಗಳು. ಸುಮಾರು ಕ್ರಿ.ಶ. 450ರದ್ದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲೇ ಮೃಗೇಶ, ನಾಗ, ಪಶುಪತಿ, ವಿಜ ಎಂಬ ಹೆಸರುಗಳಿವೆ. ಹಳ್ಳಿಗಳನ್ನು ದಾನವಾಗಿ ಪಡೆದವನು ವಿಜ ಅರಸ. ಸಾವಿರದ ಐನೂರು ವರ್ಷಕ್ಕೂ ಹಳೆಯದಾದ, ಎರಡೇ ಅಕ್ಷರದ ಈ ಹೆಸರನ್ನು ಇಂದು ಯಾವ ತರಗತಿಯಲ್ಲೂ ಕೇಳುವುದು ಕಷ್ಟ. ಮೃಗೇಶ ಎಂದರೆ ಮೃಗಗಳ ಒಡೆಯ, ಸಿಂಹ. ಕದಂಬರಲ್ಲಿ ಮೃಗೇಶವರ್ಮ ಎಂಬ ದೊರೆ ಇದ್ದ. ಬಾದಾಮಿ ಚಾಲುಕ್ಯರಲ್ಲೂ ಹೊಯ್ಸಳರಲ್ಲೂ ವಿನಯಾದಿತ್ಯ ಎಂಬ ಅರಸರಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಬಿರುದು ನೃಪತುಂಗ. ಅವನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಬರೆದವನು ಶ್ರೀವಿಜಯ.

ಎರಡನೆಯದು ತದ್ಭವಗಳು. ಸಂಸ್ಕೃತದ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಕರೆಯುವುದು ಕನ್ನಡಿಗರ ಹಳೆಯ ರೂಢಿ. ವೃಷಭ ಬಸವನಾದ, ಬ್ರಹ್ಮ ಬೊಮ್ಮನಾದ, ಸಿಂಹ ಸಿಂಗನಾದ, ರತ್ನ ರನ್ನನಾಯಿತು. ರಾಷ್ಟ್ರಕೂಟ ದೊರೆ ಕೃಷ್ಣನನ್ನು ಶಾಸನಗಳು 'ಕನ್ನರ' ಎನ್ನುತ್ತವೆ. ಹೊಯ್ಸಳ ವಿಷ್ಣುವರ್ಧನ ಬಿಟ್ಟಿದೇವನೂ ಹೌದು. ಮನೆಯಲ್ಲಿ ಕೃಷ್ಣನ ಹೆಸರೇ ಬೇಕು, ಆದರೆ ಕೃಷ್ಣ ಎಂಬವರು ಈಗಾಗಲೇ ಮೂವರಿದ್ದಾರೆ ಎನ್ನುವವರಿಗೆ 'ಕನ್ನರ' ಒಂದು ಒಳ್ಳೆಯ ದಾರಿ.

ಮೂರನೆಯದು ಶರಣರು ಮತ್ತು ಊರಿನ ನಂಬಿಕೆಗಳು. 12ನೇ ಶತಮಾನದ ಅಲ್ಲಮ, ಸಿದ್ಧರಾಮ, ಮಾಚಯ್ಯ, ಚೌಡಯ್ಯ, ಚಂದಯ್ಯ ಎಲ್ಲರಿಗೂ ಗೊತ್ತಿರುವ ಹೆಸರುಗಳು, ಆದರೆ ಹೊಸ ಮಕ್ಕಳಲ್ಲಿ ಅಪರೂಪ. ತುಳುನಾಡಿನಲ್ಲಿ ಕೋಟಿ ಚೆನ್ನಯರಿದ್ದಾರೆ. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ದರ್ಗಾ ಮತ್ತು ಮೊಹರಂ ಹರಕೆಗಳ ನೆನಪನ್ನು ಉಳಿಸಿಕೊಂಡಿವೆ.

ನಾಲ್ಕನೆಯದು ಮನೆಯ ವಂಶಾವಳಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಇದ್ದದ್ದೇ. ಅಜ್ಜನಲ್ಲೇ ನಿಲ್ಲದೆ ಇನ್ನೂ ಎರಡು ತಲೆಮಾರು ಹಿಂದೆ ಹೋಗಿ, ತಾಯಿಯ ಕಡೆಯ ಹಿರಿಯರನ್ನೂ ಕೇಳಿ. ಹಳೆಯ ಜಮೀನು ಪತ್ರಗಳಲ್ಲಿ ಯಾರೂ ನೆನಪಿಟ್ಟುಕೊಳ್ಳದ ಹೆಸರುಗಳು ಸಿಗುತ್ತವೆ. ರಕ್ತಸಂಬಂಧವೇ ಇರಬೇಕೆಂದಿಲ್ಲ. 10ನೇ ಶತಮಾನದ ಕವಿ ರನ್ನ ತನಗೆ ಆಶ್ರಯ ಕೊಟ್ಟ ಚಾವುಂಡರಾಯ, ಅತ್ತಿಮಬ್ಬೆಯರ ನೆನಪಿಗೆ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಓದಿಸಿದ ಮೇಷ್ಟ್ರ ಹೆಸರನ್ನೋ, ಕಷ್ಟಕಾಲದಲ್ಲಿ ಕೈಹಿಡಿದವರ ಹೆಸರನ್ನೋ ಇಡುವುದೂ ಸಂಪ್ರದಾಯವೇ.

ಹಳೆಯದೆಂದರೆ ಎಲ್ಲವೂ ಇಡಬಹುದೇ?

ಇಲ್ಲಿ ಎರಡು ಎಚ್ಚರ ಬೇಕು. ಒಂದು, ರಾಜನ ಹೆಸರಾದ ಮಾತ್ರಕ್ಕೆ ಅರ್ಥ ಒಳ್ಳೆಯದಿರಬೇಕೆಂದಿಲ್ಲ. ಗಂಗರಲ್ಲಿ ದುರ್ವಿನೀತ ಪ್ರಸಿದ್ಧ ದೊರೆ. ಆದರೆ ಪದದ ನೇರ ಅರ್ಥ 'ನಡತೆ ಕಲಿಯದವನು'.

ಎರಡನೆಯದು ಹೆಚ್ಚು ಸೂಕ್ಷ್ಮ. ಕರಿಯ, ಕಾಳ, ಮಾರ, ಕೆಂಚ ಮುಂತಾದ ಹೆಸರುಗಳನ್ನು ಬಹಳ ಕಾಲ ಜಾತಿ ಮತ್ತು ಬಡತನದ ಗುರುತಾಗಿ ಬಳಸಲಾಯಿತು. ಹೆಸರಿನ ಕೊನೆಗೆ 'ಅಪ್ಪ', 'ಅಯ್ಯ' ಎಂದು ಗೌರವ ಸೇರಿಸಿ ಕರೆಯುವುದನ್ನೇ ಕೆಲವರಿಗೆ ನಿರಾಕರಿಸಲಾಗುತ್ತಿತ್ತು. ಅಂಥ ಮನೆಗಳವರು ಮಕ್ಕಳಿಗೆ ಹೊಸ ಹೆಸರಿಟ್ಟಿದ್ದರೆ ಅದು ಸಂಪ್ರದಾಯ ಬಿಟ್ಟಿದ್ದಲ್ಲ, ಮರ್ಯಾದೆ ಪಡೆದದ್ದು. ಹಾಗಾಗಿ 'ಹಳೆಯ ಹೆಸರು ಯಾರೂ ಇಡುತ್ತಿಲ್ಲ' ಎಂದು ಬೇರೆಯವರನ್ನು ದೂರುವ ಮೊದಲು ಇದು ನೆನಪಿರಲಿ.

ನಕ್ಷತ್ರದ ಅಕ್ಷರ ಹೊಂದದಿದ್ದರೆ?

27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರಗಳ ಪದ್ಧತಿ ಪಂಚಾಂಗಗಳಲ್ಲಿದೆ. ಆರಿದ್ರಾ ನಕ್ಷತ್ರದ ಒಂದು ಪಾದಕ್ಕೆ 'ಙ', ಹಸ್ತಾ ನಕ್ಷತ್ರದ ಒಂದು ಪಾದಕ್ಕೆ 'ಣ' ಬರುತ್ತದೆ. ಈ ಅಕ್ಷರಗಳಿಂದ ಶುರುವಾಗುವ ಹೆಸರೇ ಕನ್ನಡದಲ್ಲಿಲ್ಲ! ಆದ್ದರಿಂದಲೇ ನಾಮಕರಣದಲ್ಲಿ ನಕ್ಷತ್ರನಾಮವನ್ನು ಬೇರೆಯಾಗಿ, ಕರೆಯುವ ವ್ಯವಹಾರನಾಮವನ್ನು ಬೇರೆಯಾಗಿ ಇಡುವ ರೂಢಿ ಇದೆ. ನಂಬಿಕೆ ಇರುವವರು ನಕ್ಷತ್ರನಾಮವನ್ನು ತೊಟ್ಟಿಲ ಶಾಸ್ತ್ರಕ್ಕೆ ಇಟ್ಟುಕೊಂಡು, ಕರೆಯುವ ಹೆಸರನ್ನು ಇಷ್ಟದಂತೆ ಆರಿಸಬಹುದು. ಹಿರಿಯರೊಡನೆ ಜಗಳವಾಡುವ ಅಗತ್ಯವಿಲ್ಲ.

ಹೆಸರು ಅದೃಷ್ಟವನ್ನು ಬದಲಿಸುತ್ತದೆಯೇ?

ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಅಂಕಿ ಕೊಟ್ಟು, ಒಂದು 'ಎ' ಅಥವಾ 'ಎಚ್' ಹೆಚ್ಚಿಗೆ ಸೇರಿಸಲು ಹೇಳುತ್ತಾರೆ. ಚಾಲ್ಡಿಯನ್, ಪೈಥಾಗೊರಿಯನ್ ಎಂಬ ಎರಡು ಪದ್ಧತಿಗಳು ಒಂದೇ ಅಕ್ಷರಕ್ಕೆ ಬೇರೆ ಬೇರೆ ಅಂಕಿ ಕೊಡುತ್ತವೆ. ಅದೇ ಹೆಸರನ್ನು ಕನ್ನಡದಲ್ಲಿ ಬರೆದರೆ ಈ ಲೆಕ್ಕವೇ ಇಲ್ಲ. ಇಂಗ್ಲಿಷ್ ಕಾಗುಣಿತದ ಮೇಲೆ ನಿಂತಿರುವ ಲೆಕ್ಕ ನಮ್ಮ ಪೂರ್ವಜರ ಸಂಪ್ರದಾಯ ಆಗಲು ಹೇಗೆ ಸಾಧ್ಯ?

ಹೆಸರಿಗೂ ವೃತ್ತಿಗೂ ನಂಟಿದೆ ಎಂಬ ವಾದ ವಿಜ್ಞಾನದಲ್ಲೂ ಬಂದಿತ್ತು. ಅಮೆರಿಕದಲ್ಲಿ ಡೆನಿಸ್ ಎಂಬ ಹೆಸರಿನವರು ಡೆಂಟಿಸ್ಟ್ ಆಗುವುದು ಹೆಚ್ಚು ಎಂದು 2002ರ ಅಧ್ಯಯನವೊಂದು ಹೇಳಿತು. 2011ರಲ್ಲಿ ಮರುಪರಿಶೀಲಿಸಿದಾಗ, ಹೋಲಿಕೆಗೆ ತೆಗೆದುಕೊಂಡ ಇನ್ನೊಂದು ಹೆಸರು ಹಳೆಯ ತಲೆಮಾರಿನದ್ದು, ಡೆನಿಸ್‌ಗಳು ದುಡಿಯುವ ವಯಸ್ಸಿನವರು ಎಂಬ ಸರಳ ಕಾರಣ ಹೊರಬಿತ್ತು. ಡೆನಿಸ್‌ಗಳು ವಕೀಲರಲ್ಲೂ ಹೆಚ್ಚಿದ್ದರು.

ನಮ್ಮ ಹಳ್ಳಿಗಳಲ್ಲಿ ಮಕ್ಕಳು ಉಳಿಯದ ಮನೆಗಳವರು ತಿಪ್ಪ, ಗುಂಡ, ಹುಚ್ಚಪ್ಪ ಎಂದು ಹೆಸರಿಡುತ್ತಿದ್ದರು. ಬೆಲೆಯಿಲ್ಲದ ಹೆಸರು ಕೇಳಿ ಸಾವು ಮಗುವನ್ನು ಬಿಟ್ಟುಹೋಗಲಿ ಎಂಬ ಆಸೆ. ಆ ಹೆಸರುಗಳ ಹಿಂದೆ ಎಷ್ಟೋ ತಾಯಂದಿರ ಭಯವಿದೆ. ಮಕ್ಕಳನ್ನು ಉಳಿಸಿದ್ದು ಲಸಿಕೆ, ಸುರಕ್ಷಿತ ಹೆರಿಗೆ, ಶುದ್ಧ ನೀರು. ಇವತ್ತು ಹೆಸರಿನ ಮೇಲೆ ಆ ಹೊರೆ ಹೊರಿಸಬೇಕಿಲ್ಲ.

ದಾಖಲೆಯ ವಿಷಯದಲ್ಲಿ ಅವಸರ ಬೇಡ, ಉದಾಸೀನವೂ ಬೇಡ

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆದರೆ ಹೆಸರನ್ನು ಆಗಲೇ ಕೊಡಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ತಡಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ.

ಒಮ್ಮೆ ಬರೆಸಿದ ಮೇಲೆ ಬದಲಿಸುವುದು ತಲೆನೋವು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಸರ್ಕಾರಿ ಉದ್ಯೋಗ ಮುಂತಾದವುಗಳಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಆಧಾರ. ಅದರಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತವಿದ್ದರೆ ಅಲೆದಾಟ ತಪ್ಪದು. ಅದೃಷ್ಟಕ್ಕೆಂದು ಸೇರಿಸಿದ ಅಕ್ಷರಗಳು ತೊಂದರೆ ಕೊಡುವುದು ಇಲ್ಲೇ. ಇನಿಷಿಯಲ್ ಇಡುವುದಾದರೆ ಅದನ್ನು ವಿಸ್ತರಿಸಿ ಬರೆದಾಗ ಹೇಗಿರುತ್ತದೆ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಪಾಸ್‌ಪೋರ್ಟ್‌ಗೆ ಅದು ಬೇಕಾಗುತ್ತದೆ.

ಹೆಸರು ಖಚಿತಪಡಿಸುವ ಮೊದಲು ಹೀಗೆ ಮಾಡಿ

ಎರಡು ಮೂರು ಹೆಸರು ಉಳಿಸಿಕೊಂಡು, ಒಂದೊಂದರ ಅರ್ಥವನ್ನು ನಿಘಂಟಿನಲ್ಲಿ ನೋಡಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಇಂಗ್ಲಿಷಿನಲ್ಲಿ ಬರೆದದ್ದನ್ನು ಪರಿಚಯವಿಲ್ಲದ ಒಬ್ಬರಿಂದ ಓದಿಸಿ. 'ಳ', 'ಣ' ಇರುವ ಹೆಸರುಗಳು ಇಂಗ್ಲಿಷಿನಲ್ಲಿ 'ಲ', 'ನ' ಆಗುತ್ತವೆ. ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ಮೊದಲೇ ಯೋಚಿಸಬೇಕು. ಮನೆಯವರು ಅದನ್ನು ಮೊಟಕು ಮಾಡಿ ಹೇಗೆ ಕರೆಯಬಹುದು, ಗೆಳೆಯರು ಹೇಗೆ ರೇಗಿಸಬಹುದು ಎಂದು ಹೇಳಿ ನೋಡಿ. ಒಂದು ವಾರ ಮಗುವನ್ನು ಅದೇ ಹೆಸರಿನಿಂದ ಕರೆಯಿರಿ. ಅಜ್ಜಿಯ ಬಾಯಲ್ಲಿ ಅದು ಸಲೀಸಾಗಿ ಬರುತ್ತದೆಯೇ ಗಮನಿಸಿ.

ಮುಂದೊಂದು ದಿನ ಮಗ 'ನನಗೆ ಈ ಹೆಸರು ಯಾಕಿಟ್ಟಿರಿ?' ಎಂದು ಕೇಳುತ್ತಾನೆ. 'ಪಟ್ಟಿಯಲ್ಲಿತ್ತು' ಎನ್ನುವುದಕ್ಕಿಂತ, ಈ ಹೆಸರು ಯಾರದ್ದು, ಎಲ್ಲಿಂದ ಬಂತು, ಏನರ್ಥ ಎಂದು ನಿಜ ಹೇಳಲು ಸಾಧ್ಯವಾದರೆ ಆ ಹೆಸರು ಸರಿಯಾದ ಆಯ್ಕೆಯೇ. ಊರಿನಲ್ಲಿ ಇನ್ನೊಬ್ಬನಿಗೆ ಅದೇ ಹೆಸರಿದ್ದರೂ ಪರವಾಗಿಲ್ಲ.