ಮಗ ಹಳೇ ಬೈಕು ಕೇಳಿದಾಗ

"ಅಮ್ಮಾ, ಸೆಕೆಂಡ್ ಹ್ಯಾಂಡ್ ಕಣಮ್ಮ, ಆದ್ರೆ ಹೊಸದರ ಹಂಗೇ ಐತೆ. ನಾಳೇನೇ ಅಡ್ವಾನ್ಸ್ ಕೊಡ್ಬೇಕು!"

ಕಬ್ಬಿನ ಹಣ ಕೈಗೆ ಬಂದ ಮರುದಿನವೇ ಈ ರಾಗ ಶುರು. ನಮ್ಮ ಪಾಂಡವಪುರ, ಕೆ.ಆರ್. ಪೇಟೆ ಕಡೆ ಹಿಂದೆ ಬೈಕೆಂದರೆ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ದಿ. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಈಗಿನ ಹುಡುಗರ ಕಣ್ಣು ಕೆಟಿಎಂ, ಆರ್15 ಮೇಲೆ. ಹಾಲಿನ ಕ್ಯಾನು ಹೊರುವ 100 ಸಿಸಿ ಗಾಡಿಗೆ ಸುಮಾರು 8 ಕುದುರೆಗಳ ಬಲವಾದರೆ, 373 ಸಿಸಿಯ ಆರ್‌ಸಿ 390ಗೆ ಸುಮಾರು 43!

ಬೇಡ ಎಂದರೆ ಮುನಿಸು, ಹೂಂ ಎಂದರೆ ನಮ್ಮ ಹೊಟ್ಟೆಯಲ್ಲಿ ಕೆಂಡ. ಆದರೆ ಸೋದರಿಯರೇ, ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡಿ ಕೊಳ್ಳುವವರು ನಾವು. ಲಕ್ಷದ ಗಾಡಿಯನ್ನು ನೋಡಲಾರೆವೇ? ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ನೀವೂ ಹೊರಡಿ.

ಬೆಳಿಗ್ಗೆಯೇ ಹೋಗಿ. "ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಎಂದು ಮೊದಲೇ ಹೇಳಿ. ಬಿಸಿಯಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ.

ಬಣ್ಣಕ್ಕೆ ಮರುಳಾಗಬೇಡಿ. ಹ್ಯಾಂಡಲ್ಲಿನ ತುದಿ, ಬ್ರೇಕ್ ಲಿವರ್, ಕಾಲಿಡುವ ಪೆಡಲು ಇವು ಉಜ್ಜಿದ್ದರೆ ಗಾಡಿ ಬಿದ್ದಿರಬಹುದು. ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಜಿಡ್ಡಿದ್ದರೆ ಸೀಲು ಹೋಗಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: '2319' ಎಂದರೆ 2019ರ 23ನೇ ವಾರದ್ದು. ಟೈರು ಸವೆಯದಿದ್ದರೂ ವಯಸ್ಸಾದರೆ ಬಿರುಸಾಗುತ್ತದೆ, ಮಳೆಯಲ್ಲಿ ಜಾರುತ್ತದೆ.

ಇನ್ನು ಕಾಗದ. ನಮ್ಮ ಮೈದುನ ಬೈಕು ಮಾರಿ, ಹಣ ಎಣಿಸಿಕೊಂಡು, "ಹೆಸರು ಆಮೇಲೆ ಬದಲಾಯಿಸ್ಕೊಳ್ಳಿ" ಎಂದು ಕೈತೊಳೆದುಕೊಂಡ. ಎಂಟು ತಿಂಗಳಾದ ಮೇಲೆ ಯಾರೋ ಮಾಡಿದ ಅಪಘಾತಕ್ಕೆ ನೋಟಿಸು ಇವನ ಹೆಸರಿಗೆ! ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಆದ್ದರಿಂದ ಮಾರುವವರಿಂದ ಫಾರಂ 29, 30ಕ್ಕೆ ಸಹಿ ಹಾಕಿಸಿ, 30 ದಿನಗಳೊಳಗೆ ಆರ್‌ಟಿಓ ಕಚೇರಿಗೆ ಅರ್ಜಿ ಕೊಡಿ. ಇನ್‌ಶೂರೆನ್ಸ್ ಬದಲಾವಣೆಗೆ 14 ದಿನವಷ್ಟೇ. ಗಾಡಿ ಮೇಲೆ ಸಾಲವಿದ್ದಿದ್ದರೆ ತೀರಿದ್ದಕ್ಕೆ ಫಾರಂ 35 ಕೇಳಿ. ಷಾಸಿ ನಂಬರನ್ನು ಆರ್‌ಸಿ ಜೊತೆ ನೀವೇ ಓದಿ ತಾಳೆ ನೋಡಿ.

ಮಗನಿಗೆ 18 ತುಂಬಿಲ್ಲವೇ? ಮಾತೇ ಬೇಡ. ಅವನು ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಅದೂ ತಂದೆತಾಯಿಗೆ. ಶ್ರೀರಂಗಪಟ್ಟಣದ ಮೇಲೆ ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಓಡಾಟ ಸರ್ವಿಸ್ ರಸ್ತೆಯಲ್ಲೇ. ಅಲ್ಲಿ ಎತ್ತಿನಗಾಡಿಯೂ ಬರುತ್ತದೆ, ಶಾಲೆಯ ಮಕ್ಕಳೂ ಬರುತ್ತಾರೆ. ಇದನ್ನು ಮಗನಿಗೆ ಬಿಡಿಸಿ ಹೇಳಿ.

ಕಡೆಯದಾಗಿ, ಬೆಲೆ ಕುದುರಿಸಿ ಉಳಿದ ಹಣವನ್ನು ಸೆರಗಿನಲ್ಲಿ ಗಂಟು ಹಾಕಬೇಡಿ. ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ಕೊಳ್ಳಿ. ಒಂದು ಅವನಿಗೆ, ಇನ್ನೊಂದು ಹಿಂದೆ ಕೂತು ಸಂತೆಗೆ ಹೋಗುವ ನಿಮಗೆ!