ರೂಪಮದವೂ ನೋಡುವ ಕಣ್ಣೂ

ಹನ್ನೆರಡು ಚಕ್ರವರ್ತಿಗಳಲ್ಲಿ ನಾಲ್ಕನೆಯವನು ಸನತ್ಕುಮಾರ. ಅವನ ರೂಪಕ್ಕೆ ಎಣೆಯಿಲ್ಲವೆಂದು ಸೌಧರ್ಮೇಂದ್ರನು ತನ್ನ ಸಭೆಯಲ್ಲಿ ಹೊಗಳಿದಾಗ, ಇಬ್ಬರು ದೇವರು ಅದನ್ನು ಕಣ್ಣಾರೆ ಕಾಣಲು ಭೂಮಿಗಿಳಿದು ಬಂದರು. ಅರಸನು ಆಗ ಸ್ನಾನಕ್ಕೆ ಸಿದ್ಧನಾಗುತ್ತ, ಒಡವೆ ವಸ್ತ್ರಗಳ ಹಂಗಿಲ್ಲದೆ ಇದ್ದನು. ದೇವರು ಬೆರಗಾದರು. ಆದರೆ ಅರಸನಿಗೆ ಅಷ್ಟು ಸಾಲಲಿಲ್ಲ. ತಾನು ಅಲಂಕರಿಸಿಕೊಂಡು ಸಿಂಹಾಸನದ ಮೇಲೆ ಕುಳಿತಾಗ ಮತ್ತೊಮ್ಮೆ ಬಂದು ನೋಡಿರೆಂದನು. ಅವರು ಮತ್ತೆ ಬಂದು ನೋಡಿ ಮುಖ ಬಾಡಿಸಿಕೊಂಡರು. ಅಷ್ಟು ಸ್ವಲ್ಪ ಹೊತ್ತಿನಲ್ಲಿಯೇ ಆ ರೂಪ ಕುಂದತೊಡಗಿತ್ತು.

ನಮ್ಮ ಹಳಗನ್ನಡದ ‘ವಡ್ಡಾರಾಧನೆ’ಯಲ್ಲಿಯೂ ಸನತ್ಕುಮಾರನ ಕಥೆಯಿದೆ. ವೈರಾಗ್ಯ ಹೊಂದಿ ಮುನಿಯಾದ ಆತನ ದೇಹವನ್ನು ರೋಗಗಳು ಮುತ್ತಿದವು. ವೈದ್ಯರ ವೇಷದಲ್ಲಿ ಬಂದ ದೇವರನ್ನು ಆತ ಕೇಳಿದ್ದು, ಹುಟ್ಟುಸಾವುಗಳ ರೋಗಕ್ಕೆ ನಿಮ್ಮಲ್ಲಿ ಮದ್ದುಂಟೇ ಎಂದು. ಅರಸನು ಚೆಲುವನಾಗಿದ್ದುದು ತಪ್ಪಲ್ಲ. ‘ಮತ್ತೊಮ್ಮೆ ಬಂದು ನೋಡಿ’ ಎಂದನಲ್ಲ, ದೋಷವಿರುವುದು ಅಲ್ಲಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ದೇಹದ ಮದವೂ ಒಂದು.

ಇಂದು ಕೈಯಲ್ಲಿರುವ ಮೊಬೈಲು ಆ ಮಾತನ್ನು ದಿನಕ್ಕೆ ಹತ್ತು ಬಾರಿ ಆಡಿಸುತ್ತದೆ. ಮೂಗು ತಿದ್ದಿಸುವುದು, ಕೊಬ್ಬು ತೆಗೆಸುವುದು, ಸುಕ್ಕು ಮರೆಸಲು ಚುಚ್ಚುಮದ್ದು ಹಾಕಿಸಿಕೊಳ್ಳುವುದು ಸಿನಿಮಾ ಮಂದಿಯನ್ನು ದಾಟಿ ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿಯೊಬ್ಬಳು ಪ್ರಾಣ ಕಳೆದುಕೊಂಡಳು. ಹಾಗೆಂದು ಶಸ್ತ್ರವೈದ್ಯವನ್ನೇ ಹಳಿಯುವುದು ಸಲ್ಲದು. ಕತ್ತರಿಸಿದ ಮೂಗನ್ನು ಮರಳಿ ರೂಪಿಸುವ ವಿಧಾನವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಂದ ಮೂಗು ಕಳೆದುಕೊಂಡ, ಇಂಗ್ಲಿಷರ ಸೇನೆಯ ಗಾಡಿ ಹೊಡೆಯುವವನೊಬ್ಬನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಸೀಳುತುಟಿಯ ಶಿಶುವಿಗೆ, ಬೆಂಕಿಯಲ್ಲಿ ಬೆಂದವರಿಗೆ ಮುಖ ಮರಳಿಸುವ ವೈದ್ಯರು ಮಾಡುವುದು ಚತುರ್ವಿಧ ದಾನಗಳಲ್ಲೊಂದಾದ ಔಷಧದಾನಕ್ಕೆ ಸಮೀಪದ ಕೆಲಸವೇ.

ಕುಂದಿಲ್ಲದ ಮುಖದಲ್ಲಿ ಕುಂದನ್ನು ಕಾಣಿಸಿದವರು ಯಾರು ಎಂಬುದು ಬೇರೆ ಪ್ರಶ್ನೆ. ದೇಹದ ಆಕಾರವು ನಾಮಕರ್ಮದ ಫಲವೆಂದು ಜೈನಶಾಸ್ತ್ರ ಹೇಳುತ್ತದೆ. ಸಮಚತುರಸ್ರದಿಂದ ಹುಂಡದವರೆಗೆ ಆರು ಸಂಸ್ಥಾನಗಳನ್ನೂ ಅದು ಹೆಸರಿಸುತ್ತದೆ. ಇದನ್ನೇ ಹಿಡಿದು, ಚೆಲುವಿಲ್ಲದವರನ್ನು ಪೂರ್ವಜನ್ಮದ ಪಾಪಿಗಳೆಂದು ಚುಚ್ಚುವವರುಂಟು. ನಾಮಕರ್ಮವು ಅಘಾತಿಕರ್ಮವೆಂಬುದನ್ನು ಅವರು ಮರೆಯುತ್ತಾರೆ. ಅದು ದೇಹವನ್ನು ರೂಪಿಸಬಲ್ಲದೇ ಹೊರತು ಆತ್ಮನ ಜ್ಞಾನದರ್ಶನಗಳನ್ನು ಮುಚ್ಚಲಾರದು. ದೇಹದ ಅಶುಚಿತ್ವವನ್ನು ನೆನೆಯುವ ಅಶುಚಿ ಅನುಪ್ರೇಕ್ಷೆಯಾದರೂ ತನ್ನ ದೇಹದ ಮೋಹವನ್ನು ಕಳೆದುಕೊಳ್ಳಲು ಇರುವುದು, ಪಕ್ಕದ ಮನೆಯ ಹುಡುಗಿಯ ಬಣ್ಣವನ್ನು ಅಳೆಯಲು ಅಲ್ಲ.

ವಧುವರಾನ್ವೇಷಣೆಯ ಜಾಹೀರಾತುಗಳಲ್ಲಿ ‘ಬೆಳ್ಳಗಿನ, ತೆಳ್ಳಗಿನ’ ಎಂಬ ಮಾತು ಇನ್ನೂ ನಿಂತಿಲ್ಲ. ಜಿನಮಂದಿರಕ್ಕೆ ತಪ್ಪದೆ ಹೋಗುವ ಮನೆಗಳೂ ಇದಕ್ಕೆ ಹೊರತಲ್ಲ. ಮಗಳ ಮೂಗನ್ನು ಕುರಿತು ಹತ್ತು ವರ್ಷ ಆಡಿಕೊಂಡ ನೆಂಟರೇ, ಆಕೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ದೇಹವ್ಯಾಮೋಹವೆಂದು ಉಪದೇಶಿಸುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆ ಈ ನೆಂಟರಿಗೆ ಸಂಬಂಧಿಸಿದ್ದು. ಕಾಣಿಸುವ ದೇಹವನ್ನು ಬಿಟ್ಟು ಕಾಣುವ ಕಣ್ಣನ್ನು ತಿದ್ದುವ ವ್ರತವದು. ರತ್ನತ್ರಯದಿಂದ ಪವಿತ್ರವಾದ ದೇಹ ಹೇಗೇ ಇರಲಿ, ಅಸಹ್ಯಪಡದೆ ಗುಣದಲ್ಲಿ ಪ್ರೀತಿಯಿಡುವುದು ಅದರ ಲಕ್ಷಣ.

ಅದಕ್ಕೆ ದೃಷ್ಟಾಂತವಾಗಿ ಹೇಳುವ ಕಥೆ ಉದ್ದಾಯನ ರಾಜನದು. ಅವನನ್ನು ಪರೀಕ್ಷಿಸಲು ದೇವನೊಬ್ಬನು ಕುಷ್ಠದಿಂದ ಕೊಳೆತ ಮೈಯ ಮುನಿಯಾಗಿ ಆಹಾರಕ್ಕೆ ಬಂದನು. ಬಡಿಸಿದ್ದನ್ನೆಲ್ಲ ಉಂಡು ಅಲ್ಲಿಯೇ ವಾಂತಿ ಮಾಡಿಕೊಂಡನು. ದುರ್ಗಂಧ ತಾಳಲಾರದೆ ಪರಿಜನರು ಓಡಿದರು. ಅರಸನೂ ರಾಣಿ ಪ್ರಭಾವತಿಯೂ ಅಲ್ಲಿಯೇ ನಿಂತು ಆ ಮೈಯನ್ನು ತಮ್ಮ ಕೈಯಾರೆ ತೊಳೆದರು. ತಾನು ನೀಡಿದ ಆಹಾರದಲ್ಲಿಯೇ ಏನೋ ದೋಷವಿದ್ದಿರಬೇಕೆಂದು ಅರಸನು ಮರುಗುತ್ತಿದ್ದನು.